ಐದೂವರೆಗೆ ಹೊರಟು ಐದು ಗುಡ್ಡ

ನಮ್ಮ ಹೊಸನಗರದ ಕಡೆ ದೀಪ ಹಚ್ಚುವ ಹೊತ್ತಾದ ಮೇಲೆ ಯಾರೂ ಗುಡ್ಡದ ಕಡೆ ಹೋಗುವುದಿಲ್ಲ. ಕತ್ತಲೆ ಅಲ್ಲಿ ಗಬಕ್ಕನೆ ಬರುತ್ತದೆ. ಚಿಕ್ಕವಳಿದ್ದಾಗ ಕೊಡಚಾದ್ರಿಯಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಜೀಪಿನ ಹತ್ತಿರ ಬರುವಷ್ಟರಲ್ಲಿ ಕಾಲಡಿಯ ಕಲ್ಲು ಕಾಣುತ್ತಿರಲಿಲ್ಲ. ಅಪ್ಪನ ಕೈ ಹಿಡಿದುಕೊಂಡೇ ಇಳಿಯಬೇಕಿತ್ತು.

ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಬಂದು ಈಗ ಆರು ವರ್ಷ. ಇಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ರಾತ್ರಿ 10 ಗಂಟೆಗೆ. ಮುಳುಗಿದ ಮೇಲೂ ಅರ್ಧ ಗಂಟೆ ಆರಾಮಾಗಿ ದಾರಿ ಕಾಣುತ್ತದೆ. ಆಕಾಶ ಪೂರ್ತಿ ಕಪ್ಪಾಗುವುದೇ ಇಲ್ಲ. ಉತ್ತರ ದಿಕ್ಕಿನಲ್ಲಿ ಒಂದು ತಿಳಿ ಬಿಳುಪು ಬೆಳಗಿನವರೆಗೂ ಉಳಿದಿರುತ್ತದೆ. ಕೆಲಸ ಮುಗಿಸಿ ಬಂದ ಮೇಲೂ ಇನ್ನೊಂದು ಇಡೀ ಮಧ್ಯಾಹ್ನ ಕೈಯಲ್ಲಿ ಉಳಿದ ಹಾಗೆ. ಇದನ್ನು ಮನೆಯೊಳಗೆ ಕೂತು ಕಳೆಯಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ಎರಡು ವಾರಕ್ಕೊಮ್ಮೆ, ಬೇಸಿಗೆಯಲ್ಲಿ, ನಾನೊಬ್ಬಳೇ ಸಂಜೆ ಗುಡ್ಡಕ್ಕೆ ಹೋಗುತ್ತೇನೆ. ಭಾನುವಾರ ಮಗಳ ಜೊತೆ ಹೋಗುವುದು ಬೇರೆ. ಅದು ಅವಳ ನಡಿಗೆ. ಕಲ್ಲು ಆರಿಸಬೇಕು, ಕುರಿಗೆ ಹೆಸರಿಡಬೇಕು, ಅರ್ಧದಲ್ಲೇ ಬಿಸ್ಕತ್ತು ತಿನ್ನಬೇಕು. ಅದೂ ಚೆಂದವೇ. ಆದರೆ ಒಬ್ಬಳೇ ಹೋದಾಗ ಗುಡ್ಡ ನನ್ನ ಜೊತೆ ಮಾತಾಡುತ್ತದೆ ಅನ್ನಿಸುತ್ತದೆ. ಗಾಳಿ ಎಲ್ಲಿ ತಿರುಗಿತು, ನೆಲ ಎಲ್ಲಿ ಒದ್ದೆಯಾಯಿತು, ನನಗೆಷ್ಟು ಸುಸ್ತಾಗಿದೆ, ಎಲ್ಲವೂ ಗೊತ್ತಾಗುತ್ತದೆ.

ಅಮ್ಮನಿಗೆ ಇದು ಇಷ್ಟವಿಲ್ಲ. ಮೊದಲ ಸಲ ಹೇಳಿದಾಗ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಒಬ್ಳೇ ಯಾಕೆ ಹೋಗ್ತೀಯ? ಬಿದ್ರೆ ಯಾರಿಗೆ ಗೊತ್ತಾಗ್ಬೇಕು?"

ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. ಸರಿಯಾದ ಪ್ರಶ್ನೆ ಅದು. ನನ್ನ ತಯಾರಿಯೆಲ್ಲ ಅದಕ್ಕೆ ಉತ್ತರ ಹುಡುಕುತ್ತಲೇ ಬೆಳೆದಿದೆ. ಕಳೆದ ಜೂನ್ ಮೂರನೇ ವಾರದ ಒಂದು ಗುರುವಾರ ಪೆಂಟ್‌ಲ್ಯಾಂಡ್ ಸಾಲಿನ ಐದು ಗುಡ್ಡ ಹತ್ತಿ ಇಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ಒಂದು ತಪ್ಪೂ ಆಯಿತು. ಅದನ್ನೂ ಬಿಡಿಸಿ ಹೇಳುತ್ತೇನೆ.

ಪೆಂಟ್‌ಲ್ಯಾಂಡ್ ಗುಡ್ಡಗಳು ಎಡಿನ್‌ಬರೋ ಊರಿನ ದಕ್ಷಿಣಕ್ಕೆ ಅಂಟಿಕೊಂಡೇ ಶುರುವಾಗುತ್ತವೆ. ತುಂಬಾ ಎತ್ತರವೇನಲ್ಲ. ಸಾಲಿನಲ್ಲೇ ಎತ್ತರದ ಸ್ಕಾಲ್ಡ್ ಲಾ 579 ಮೀಟರ್. ಕೊಡಚಾದ್ರಿಯ ಅರ್ಧವೂ ಇಲ್ಲ. ಸ್ಕಾಟ್ಲೆಂಡಿನಲ್ಲಿ ಬೆಟ್ಟ ಅಂದರೆ ಜನ ಮೊದಲು ಕೇಳುವುದು ಮನ್ರೋ ಬಗ್ಗೆ. 3,000 ಅಡಿಗಿಂತ ಎತ್ತರದ ಬೆಟ್ಟಗಳು, ಒಟ್ಟು 282. 1891ರಲ್ಲಿ ಮೊದಲು ಪಟ್ಟಿ ಮಾಡಿದ ಹ್ಯೂ ಮನ್ರೋ ಹೆಸರು ಅವುಗಳಿಗೆ ಬಂದಿದೆ. ಅವನ್ನು ಒಂದೊಂದಾಗಿ ಮುಗಿಸುವ ಗೆಳೆಯರು ನನಗೂ ಇದ್ದಾರೆ. ಆದರೆ ವಾರದ ಮಧ್ಯೆ, ಕೆಲಸ ಮುಗಿಸಿ, ಒಬ್ಬಳೇ ಹೋಗುವುದಕ್ಕೆ ಮನೆ ಹತ್ತಿರದ ಗುಡ್ಡವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ದಾರಿಯ ಪರಿಚಯವಿರುತ್ತದೆ. ಬೇಡ ಅನ್ನಿಸಿದರೆ ಹಿಂತಿರುಗಲು ಮನಸ್ಸು ಹಿಂಜರಿಯುವುದಿಲ್ಲ. ನೂರು ಮೈಲಿ ಕಾರು ಓಡಿಸಿಕೊಂಡು ಹೋದವರಿಗೆ ವಾಪಸ್ ಬರುವುದು ಕಷ್ಟ.

ದಾರಿ ಹೀಗಿತ್ತು. ಎ702 ರಸ್ತೆಯ ಪಕ್ಕದ ಫ್ಲಾಟರ್‌ಸ್ಟೋನ್‌ನಿಂದ ಹೊರಟು ಟರ್ನ್‌ಹೌಸ್ ಹಿಲ್ (506 ಮೀಟರ್), ಕಾರ್ನೆಥಿ (573), ಸ್ಕಾಲ್ಡ್ ಲಾ (579), ಈಸ್ಟ್ ಕಿಪ್ (534), ವೆಸ್ಟ್ ಕಿಪ್ (551). ಇಲ್ಲಿಗೆ ಏಣು ಮುಗಿಯುತ್ತದೆ. ಆಮೇಲೆ ಉತ್ತರಕ್ಕೆ ಬಾವೆಲಾ ಕಡೆ ಇಳಿದು, ಗ್ರೀನ್ ಕ್ಲೂ ಅನ್ನುವ ಕಿರಿದಾದ ಕಣಿವೆಯೊಳಗೆ ಹೊಕ್ಕು, ಲೋಗನ್‌ಲೀ ಮತ್ತು ಗ್ಲೆನ್‌ಕೋರ್ಸ್ ಎಂಬ ಎರಡು ಜಲಾಶಯಗಳ ದಂಡೆಯಲ್ಲೇ ಕಾರಿನ ಹತ್ತಿರಕ್ಕೆ. ಒಟ್ಟು ಸುಮಾರು 16 ಕಿಲೋಮೀಟರ್. ಹತ್ತಿದ್ದನ್ನೆಲ್ಲ ಕೂಡಿದರೆ ಸುಮಾರು 700 ಮೀಟರ್.

ಹೊತ್ತಿನ ಲೆಕ್ಕಕ್ಕೆ ನಾನು ನೇಯ್‌ಸ್ಮಿತ್ ನಿಯಮ ಹಿಡಿಯುತ್ತೇನೆ. 1892ರಲ್ಲಿ ವಿಲಿಯಂ ನೇಯ್‌ಸ್ಮಿತ್ ಅನ್ನುವ ಸ್ಕಾಟಿಷ್ ಬೆಟ್ಟ ಹತ್ತುವವರು ಹೇಳಿದ್ದು. ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನನ್ನ ದಾರಿಗೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ ಬಂತು. ಕೂರುವುದಕ್ಕೆ, ತಿನ್ನುವುದಕ್ಕೆ ಅರ್ಧ ಗಂಟೆ. ಸಂಜೆ 5.30ಕ್ಕೆ ಹೊರಟರೆ 10.20ಕ್ಕೆ ವಾಪಸ್. ಇನ್ನೂ ಬೆಳಕಿರುತ್ತದೆ.

ಇದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಎಲ್ಲಿಂದ ಹೊರಟೆ, ಯಾವ ದಾರಿ, ಕಾರು ಎಲ್ಲಿ ನಿಲ್ಲಿಸಿದ್ದೇನೆ, ಯಾವ ಬಣ್ಣದ ಜಾಕೆಟ್. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ: "11.15ರವರೆಗೂ ನನ್ನಿಂದ ಸುದ್ದಿ ಬರದಿದ್ದರೆ 999." ಇಲ್ಲಿಯ ಆ ತುರ್ತು ನಂಬರಿಗೆ ಫೋನ್ ಮಾಡಿ ಮೊದಲು ಪೊಲೀಸ್ ಕೇಳಬೇಕು, ಆಮೇಲೆ ಮೌಂಟನ್ ರೆಸ್ಕ್ಯೂ, ಅಂದರೆ ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವ ತಂಡ. ನಮ್ಮನೆಯವರಿಗೆ ಇದು ಬಾಯಿಪಾಠ. "ತಡವಾದರೆ ಸ್ವಲ್ಪ ಕಾದು ನೋಡಿ" ಅಂತ ನಾನು ಯಾವತ್ತೂ ಹೇಳುವುದಿಲ್ಲ. ಸ್ವಲ್ಪ ಅಂದರೆ ಎಷ್ಟು ಅಂತ ಮನೆಯಲ್ಲಿರುವವರಿಗೆ ಹೇಗೆ ಗೊತ್ತಾಗಬೇಕು? ಆತಂಕದಲ್ಲಿ ಲೆಕ್ಕ ಹಾಕುವ ಕೆಲಸ ಅವರ ಮೇಲೆ ಹಾಕಬಾರದು. ಗಂಟೆ ನಾನೇ ಹೇಳಿ ಹೋಗಬೇಕು, ಆ ಗಂಟೆಯನ್ನು ನಾನು ಉಳಿಸಿಕೊಳ್ಳಬೇಕು.

ಸಿಗ್ನಲ್ ಚೂರು ಮಾತ್ರ ಇದ್ದಾಗ ಮಾತಾಡಲು ಆಗದಿದ್ದರೂ ಮೆಸೇಜ್ ಹೋಗುತ್ತದೆ. ಇಲ್ಲಿ 999ಕ್ಕೆ ಮೆಸೇಜ್ ಕಳಿಸಬಹುದು, ಆದರೆ ಮೊದಲೇ ನೋಂದಾಯಿಸಿಕೊಂಡಿರಬೇಕು. ಎರಡು ನಿಮಿಷದ ಕೆಲಸ. ಬ್ರಿಟನ್ನಿಗೆ ಹೊಸದಾಗಿ ಬಂದು ಗುಡ್ಡ ಸುತ್ತುವ ನಮ್ಮವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಆಮೇಲೆ ಒಂದು ಸೀಟಿ. ನಿಮಿಷದಲ್ಲಿ ಆರು ಸಲ ಊದಬೇಕು, ಒಂದು ನಿಮಿಷ ಬಿಡಬೇಕು, ಮತ್ತೆ ಆರು. ಸಹಾಯಕ್ಕೆ ಕೂಗುವ ರೀತಿ ಅದು.

ಚೀಲದಲ್ಲಿ ಮಳೆ ಜಾಕೆಟ್, ಒಂದು ಬೆಚ್ಚನೆಯ ಅಂಗಿ, ಟೊಪ್ಪಿ, ಕೈಗವಸು (ಹೌದು, ಜೂನ್‌ನಲ್ಲೂ), ಹೊಸ ಬ್ಯಾಟರಿಯ ಹೆಡ್‌ಟಾರ್ಚ್, ಒಂದು ಲೀಟರ್ ನೀರು. ಆರ್ಡ್‌ನೆನ್ಸ್ ಸರ್ವೆಯ 344ನೇ ನಂಬರಿನ ಮ್ಯಾಪು, ಕಂಪಾಸು. ಚಪಾತಿಗೆ ತುಪ್ಪ ಸವರಿ ಚಟ್ನಿಪುಡಿ ಹಾಕಿ ಸುತ್ತಿದ್ದು ಎರಡು. ಫ್ಲಾಸ್ಕಿನಲ್ಲಿ ಕಾಫಿ.

ಫ್ಲಾಟರ್‌ಸ್ಟೋನ್‌ನಲ್ಲಿ ನಾನು ಬೂಟು ಕಟ್ಟುವ ಹೊತ್ತಿಗೆ ಬೇರೆಯವರೆಲ್ಲ ಬೂಟು ಬಿಚ್ಚುತ್ತಿದ್ದರು. ಒಂದು ನಾಯಿ ನನ್ನ ಚೀಲ ಮೂಸಿ ಹೋಯಿತು. ಕಾರಿನಲ್ಲಿ 17 ಡಿಗ್ರಿ ತೋರಿಸುತ್ತಿತ್ತು. ಪೂರ್ವದಿಂದ ಸಣ್ಣ ಗಾಳಿ. ಆ ಗಾಳಿಗೆ ನಾನು ಜಾಸ್ತಿ ಗಮನ ಕೊಡಲಿಲ್ಲ. ಕೊಡಬೇಕಿತ್ತು.

ಹಳ್ಳ ದಾಟಿ ಟರ್ನ್‌ಹೌಸ್ ಏರು ಹಿಡಿದರೆ ಒಂದು ಗಂಟೆ ಬೇರೆ ಯೋಚನೆ ಬರುವುದಿಲ್ಲ. ಐದರಲ್ಲಿ ಅದೇ ದೊಡ್ಡ ಏರು, ಒಂದೇ ಉಸಿರಿಗೆ 300 ಮೀಟರ್. ದಿನವಿಡೀ ಕೂತಿದ್ದ ಮೈ ಮೊದಲು ಒಪ್ಪುವುದಿಲ್ಲ. ನಾನು ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ನಿಧಾನವಾಗಿ ಹೋಗುತ್ತೇನೆ, ಮೂಗಿನಲ್ಲಿ ಉಸಿರಾಡಲು ಆಗುವಷ್ಟು. ಆಮೇಲೆ ಕಾಲಿಗೆ ತಾನೇ ಒಂದು ಲಯ ಬರುತ್ತದೆ.

ಈ ಇಳಿಜಾರಿನ ಕೆಳಗೆ ಎಡಗಡೆ ಕಾಣುವ ಹುಲ್ಲುಗಾವಲು ರಲಿಯನ್ ಗ್ರೀನ್. 1666ರ ನವೆಂಬರ್ 28ರಂದು ಇಲ್ಲಿ ಕಾಳಗ ನಡೆದಿತ್ತು. ತಮ್ಮ ಚರ್ಚಿನಲ್ಲಿ ರಾಜ ತಲೆ ಹಾಕಬಾರದು ಅಂತ ಎದ್ದು ನಿಂತ ಕವೆನಂಟರ್‌ಗಳನ್ನು ರಾಜನ ಸೈನ್ಯ ಸಂಜೆ ಕತ್ತಲಾಗುವ ಹೊತ್ತಿಗೆ ಸೋಲಿಸಿತು. ನವೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೇ ಕತ್ತಲು. ಒದ್ದೆ, ಚಳಿ, ಈ ಏರು. ತಪ್ಪಿಸಿಕೊಂಡವರು ಇದೇ ಗುಡ್ಡಗಳ ಕಡೆ ಓಡಿರಬೇಕು ಅನ್ನಿಸಿ ಒಂದು ಗಳಿಗೆ ನಿಂತು ನೋಡಿದೆ.

6.25ಕ್ಕೆ ಟರ್ನ್‌ಹೌಸ್ ನೆತ್ತಿ. ಎ702ರ ವಾಹನಗಳ ಸದ್ದು ಅಲ್ಲಿಗೆ ನಿಂತುಹೋಗುತ್ತದೆ. ಅದರ ಬದಲು ಸ್ಕೈಲಾರ್ಕ್ ಹಕ್ಕಿ. ಹುಲ್ಲಿನಿಂದ ನೆಟ್ಟಗೆ ಮೇಲೇರುತ್ತಾ, ರೆಕ್ಕೆ ಬಡಿಯುತ್ತಲೇ, ಉಸಿರು ತೆಗೆದುಕೊಳ್ಳದ ಹಾಗೆ ಹಾಡುತ್ತದೆ. ಎಷ್ಟು ಹುಡುಕಿದರೂ ಆಕಾಶದಲ್ಲಿ ಒಂದು ಚುಕ್ಕೆ ಮಾತ್ರ. ಹಾಡು ನಿಂತ ಕೂಡಲೇ ಕಲ್ಲು ಬಿದ್ದ ಹಾಗೆ ಹುಲ್ಲಿಗೆ ಬೀಳುತ್ತದೆ. ಬೆಳಿಗ್ಗೆಗಿಂತ ಸಂಜೆ ಅದನ್ನು ಕೇಳುವುದು ನನಗೆ ಜಾಸ್ತಿ ಇಷ್ಟ. ಗುಡ್ಡದ ಮೇಲೆ ಬೇರೆ ಯಾರೂ ಇರುವುದಿಲ್ಲ ಅಲ್ವಾ.

ಕಾರ್ನೆಥಿ ನೆತ್ತಿಯಲ್ಲಿ ದೊಡ್ಡ ಕಲ್ಲುಗುಪ್ಪೆ ಇದೆ. ಕಂಚಿನ ಯುಗದ ಜನ ಪೇರಿಸಿದ್ದು. ದೂರದಿಂದ ನೋಡಿದರೆ ಗುಡ್ಡಕ್ಕೆ ಒಂದು ಸಣ್ಣ ಮೊಲೆತೊಟ್ಟು ಇಟ್ಟ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಕಾಲಿಟ್ಟ ಕಡೆ ಕಲ್ಲು ಟಕಟಕ ಅಲುಗುತ್ತದೆ. ಅವು ಸಮಾಧಿಯ ಕಲ್ಲುಗಳು. ಅದಕ್ಕೇ ನಾನು ಅದರ ಮೇಲೆ ಹತ್ತುವುದಿಲ್ಲ, ಪಕ್ಕದಲ್ಲಿ ನಿಲ್ಲುತ್ತೇನೆ. ಮೂರು ಸಾವಿರ ವರ್ಷಕ್ಕೂ ಹಿಂದೆ ಯಾರೋ ತಮ್ಮವರನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಮಲಗಿಸಬೇಕು ಅಂತ ಇಷ್ಟು ಕಲ್ಲು ಇಲ್ಲಿಗೆ ಹೊತ್ತು ತಂದಿದ್ದಾರೆ. ಅದನ್ನು ನೆನೆದರೆ ಮಾತು ಹೊರಡುವುದಿಲ್ಲ. ಬೆಚ್ಚನೆಯ ಅಂಗಿ ಇಲ್ಲೇ ಹಾಕಿಕೊಂಡೆ. ಕೆಳಗೆ 17 ಇದ್ದದ್ದು ಮೇಲೆ ಗಾಳಿ ಸೇರಿ ಮೈಗೆ ಎಂಟೋ ಒಂಬತ್ತೋ ಅನ್ನಿಸುತ್ತಿತ್ತು. ಬೆವರು ಆರುವ ಮುಂಚೆ ಹಾಕಿಕೊಳ್ಳಬೇಕು. ಚಳಿ ಹತ್ತಿದ ಮೇಲೆ ಹಾಕಿಕೊಂಡರೆ ಅರ್ಧ ಗಂಟೆ ಬೇಕು ಬೆಚ್ಚಗಾಗಲು.

ಕಾರ್ನೆಥಿಯಿಂದ ಇಳಿಯುವುದು ಕಷ್ಟ. ದಾರಿ ಸವೆದು ಕೆಂಪು ಜಲ್ಲಿಯಾಗಿದೆ. ಒಬ್ಬಳೇ ಇದ್ದಾಗ ಇಂಥ ಕಡೆ ನಾನು ಹೆಜ್ಜೆ ಹೆಜ್ಜೆ ಎಣಿಸಿ ಇಳಿಯುತ್ತೇನೆ. ಏರಿನಲ್ಲಿ ಬಿದ್ದರೆ ಮೊಣಕೈ ಕೆತ್ತುತ್ತದೆ, ಇಳಿಜಾರಿನಲ್ಲಿ ಬಿದ್ದರೆ ಕಾಲು ಉಳುಕುತ್ತದೆ. ಕಾಲು ಉಳುಕಿದರೆ ಎಂಟು ಕಿಲೋಮೀಟರ್ ಹೇಗೆ ನಡೆಯುವುದು?

ಕೆಳಗಿನ ತಗ್ಗಿನಲ್ಲಿ ಅಡ್ಡಲಾಗಿ ಒಂದು ಹಳೇ ದಾರಿ ಹಾದುಹೋಗುತ್ತದೆ. ಕರ್ಕ್ ರೋಡ್. ಗುಡ್ಡದ ಆಚೆಯವರು ಭಾನುವಾರ ಪೆನಿಕುಕ್‌ನ ಚರ್ಚಿಗೆ ನಡೆದು ಬರುತ್ತಿದ್ದ ದಾರಿ. ನನ್ನ ಲೆಕ್ಕದಲ್ಲಿ ಇದು ಇಡೀ ಏಣಿನ ಮಧ್ಯದ ಬಾಗಿಲು. ಬಲಕ್ಕೆ ಇಳಿದರೆ ಲೋಗನ್‌ಲೀ, ನೇರ ವಾಪಸ್. ಚೀಟಿಯಲ್ಲಿ ಬರೆದಿದ್ದೆ: "ಸ್ಕಾಲ್ಡ್ ಲಾ ತುದಿಯಿಂದ 8.30ರೊಳಗೆ ಹೊರಡದಿದ್ದರೆ ಕಿಪ್‌ಗಳು ಬೇಡ, ಕರ್ಕ್ ರೋಡಿಗೆ ವಾಪಸ್." ಇಂಥ ನಿರ್ಧಾರ ಮನೆಯಲ್ಲೇ ಮಾಡಿಕೊಂಡು ಬರಬೇಕು. ಮೇಲೆ ನಿಂತಾಗ ಮುಂದಿನ ಗುಡ್ಡ ಯಾವಾಗಲೂ ಹತ್ತಿರವೇ ಕಾಣುತ್ತದೆ.

7.55ಕ್ಕೆ ಸ್ಕಾಲ್ಡ್ ಲಾ. ತುದಿಯ ಸರ್ವೆ ಕಂಬಕ್ಕೆ ಬೆನ್ನು ಕೊಟ್ಟು ಕೂತು ಚಪಾತಿ ಬಿಚ್ಚಿದೆ. ಉತ್ತರಕ್ಕೆ ಎಡಿನ್‌ಬರೋ ಪೂರ್ತಿ. ಆರ್ಥರ್ಸ್ ಸೀಟ್ ಒಂದು ಮಲಗಿದ ಹಸುವಿನ ಹಾಗೆ. ಅದರಾಚೆ ಫೋರ್ತ್ ಕೊಲ್ಲಿ, ಅದರಾಚೆ ಫೈಫ್‌ನ ಲೊಮಂಡ್ ಗುಡ್ಡಗಳು. ಸೂರ್ಯ ಇನ್ನೂ ಎತ್ತರದಲ್ಲಿದ್ದ. ಇಲ್ಲಿ ಜೂನ್‌ನಲ್ಲಿ ಸೂರ್ಯ ಪಶ್ಚಿಮಕ್ಕೆ ಮುಳುಗುವುದಿಲ್ಲ, ವಾಯವ್ಯಕ್ಕೆ ಹೋಗುತ್ತಾನೆ. ಉದ್ದಕ್ಕೆ ಓರೆಯಾಗಿ ಜಾರುತ್ತಾನೆ. ಅದಕ್ಕೇ ಆ ಬಂಗಾರದ ಬೆಳಕು ಗಂಟೆಗಟ್ಟಲೆ ಉಳಿಯುತ್ತದೆ. ಒಂದೊಂದು ಹುಲ್ಲಿನ ಕಡ್ಡಿಗೂ ಅದರ ನೆರಳು. ಕುರಿಗಳ ಉಣ್ಣೆಯ ಅಂಚಿಗೆ ಬೆಳಕಿನ ಗೆರೆ. ಚಟ್ನಿಪುಡಿಯ ಖಾರ, ಕಾಫಿ, ಮುಖಕ್ಕೆ ಬಿಸಿಲು, ಬೆನ್ನಿಗೆ ಗಾಳಿ. ಇದಕ್ಕಿಂತ ಹೆಚ್ಚಿನದು ನನಗೆ ಬೇಕಿರಲಿಲ್ಲ.

ಆಗ ಪೂರ್ವಕ್ಕೆ ತಿರುಗಿ ನೋಡಿದೆ. ಕೊಲ್ಲಿಯ ಬಾಯಲ್ಲಿರುವ ಬಾಸ್ ರಾಕ್ ಇರಲಿಲ್ಲ. ನಾರ್ತ್ ಬೆರಿಕ್ ಲಾ ಗುಡ್ಡದ ಮೊನೆ ಮಾತ್ರ ಕಾಣುತ್ತಿತ್ತು. ಉಳಿದದ್ದೆಲ್ಲ ಬಿಳಿ.

ಇದಕ್ಕೆ ಇಲ್ಲಿಯವರು ಹಾರ್ ಅನ್ನುತ್ತಾರೆ. ಸಮುದ್ರದ ಮಂಜು. ಬೇಸಿಗೆಯಲ್ಲೂ ಉತ್ತರ ಸಮುದ್ರದ ನೀರು ತಣ್ಣಗಿರುತ್ತದೆ. ಅದರ ಮೇಲೆ ಬಿಸಿ ಗಾಳಿ ಹಾದರೆ ಮಂಜಾಗುತ್ತದೆ. ಪೂರ್ವದ ಸಣ್ಣ ಗಾಳಿ ಅದನ್ನು ದಂಡೆಗೆ, ದಂಡೆಯಿಂದ ಒಳನಾಡಿಗೆ ತಳ್ಳುತ್ತದೆ. ನಮ್ಮ ಮಲೆನಾಡಿನ ಮಂಜು ಕಣಿವೆಯಲ್ಲೇ ಹುಟ್ಟಿ ಬಿಸಿಲೇರಿದರೆ ಕರಗುತ್ತದೆ. ಇದು ಹಾಗಲ್ಲ, ನಡೆದುಕೊಂಡು ಬರುತ್ತದೆ. ನಾನು ನೋಡುತ್ತಿದ್ದ ಹಾಗೇ ಪೆನಿಕುಕ್ ಊರು ಮುಚ್ಚಿತು. ಎಸ್ಕ್ ಹೊಳೆಯ ಬಯಲು ಮುಚ್ಚಿತು. ಹಾಲು ಉಕ್ಕಿ ತಟ್ಟೆಗೆ ಹರಡಿದ ಹಾಗೆ, ಸದ್ದೇ ಇಲ್ಲದೆ.

ಗಂಟೆ 8.15. ಚೀಟಿಯ ನಿಯಮದ ಪ್ರಕಾರ ಮುಂದೆ ಹೋಗಬಹುದು. ಆದರೆ ನಿಯಮ ಇದ್ದದ್ದು ಗಂಟೆಗೆ ಮಾತ್ರ. ಮಂಜಿಗೆ ನಾನು ಯಾವ ನಿಯಮವನ್ನೂ ಬರೆದುಕೊಂಡಿರಲಿಲ್ಲ. ಐದು ನಿಮಿಷ ಯೋಚಿಸಿದೆ. ಎರಡು ಕಿಪ್‌ಗಳೂ ಬಿಸಿಲಿನಲ್ಲಿದ್ದವು. ಪಶ್ಚಿಮ ಸ್ವಚ್ಛವಾಗಿತ್ತು. ದಾರಿ ಗೊತ್ತಿತ್ತು, ಮೈಯಲ್ಲಿ ಶಕ್ತಿಯಿತ್ತು. ಹೋಗೋಣ ಅಂದುಕೊಂಡೆ. ಈಗ ಕೇಳಿದರೂ ಆ ನಿರ್ಧಾರ ತಪ್ಪು ಅಂತ ಹೇಳುವುದಿಲ್ಲ. ತಪ್ಪು ಆಮೇಲೆ ಆಯಿತು.

ಈಸ್ಟ್ ಕಿಪ್, ವೆಸ್ಟ್ ಕಿಪ್ ಸಣ್ಣವು, ಆದರೆ ಮೊನಚು. ಮಕ್ಕಳು ಬರೆಯುವ ಗುಡ್ಡದ ಚಿತ್ರದ ಹಾಗೆ. ವೆಸ್ಟ್ ಕಿಪ್ ತುದಿಯಲ್ಲಿ ನಾಲ್ಕು ಜನ ನಿಂತರೆ ಜಾಗ ಮುಗಿಯಿತು. 8.55ಕ್ಕೆ ನಾನು ಅಲ್ಲಿ ನಿಂತಾಗ ಹಿಂದೆ ದಾಟಿ ಬಂದ ನಾಲ್ಕೂ ಗುಡ್ಡ ಬಿಳಿಯ ಮೇಲೆ ತೇಲುತ್ತಿದ್ದವು. ಕರ್ಕ್ ರೋಡಿನ ತಗ್ಗಿನಿಂದ ಮಂಜು ಈಚೆಗೆ ಜಾರುತ್ತಿತ್ತು, ತುಂಬಾ ನಿಧಾನದ ಜಲಪಾತದ ಹಾಗೆ. ಅದರ ಮೇಲ್ಮೈಗೆ ಬಿಸಿಲು ಬಿದ್ದು ತಿಳಿ ಗುಲಾಬಿ. ನಾನು ಫೋಟೋ ತೆಗೆದೆ. ಮತ್ತೆ ತೆಗೆದೆ. ಹತ್ತು ನಿಮಿಷ ಅದೇ ಆಯಿತು. ಫೋನಿನ ಬ್ಯಾಟರಿ 18ಕ್ಕೆ ಇಳಿಯಿತು.

ಆ ಹತ್ತು ನಿಮಿಷದಲ್ಲಿ ಮಾಡಬೇಕಿದ್ದ ಕೆಲಸ ಬೇರೆ ಇತ್ತು. ಬಿಸಿಲಿನಲ್ಲಿ ನಿಂತು, ಎಲ್ಲ ಕಾಣುತ್ತಿರುವಾಗಲೇ, ಮ್ಯಾಪ್ ಮೇಲೆ ಕಂಪಾಸ್ ಇಟ್ಟು ಇಳಿಯುವ ದಿಕ್ಕನ್ನು ಹಿಡಿದುಕೊಳ್ಳಬೇಕಿತ್ತು. ಮಾಡಲಿಲ್ಲ. ಈ ದಾರಿಯಲ್ಲಿ ಮೂರು ಸಲ ಬಂದಿದ್ದೆ, ಅದಕ್ಕೆ.

ಕೆಳಗಿಳಿದು ಗೇಟಿನ ಹತ್ತಿರ ಬರುವಷ್ಟರಲ್ಲಿ ಮಂಜಿನೊಳಗಿದ್ದೆ. ಬಂಗಾರದ ಬೆಳಕು ದೀಪ ಆರಿಸಿದ ಹಾಗೆ ಹೋಯಿತು. ಎಲ್ಲ ಬೂದಿ ಬಣ್ಣ. ಹದಿನೈದು ಹೆಜ್ಜೆ ಮುಂದಿನದು ಕಾಣುತ್ತಿರಲಿಲ್ಲ. ಗೇಟಿನ ಹತ್ತಿರ ದಾರಿಗಳು ಕೂಡುತ್ತವೆ. ಒಂದು ಉತ್ತರಕ್ಕೆ ಬಾವೆಲಾ ಕಡೆ, ನನಗೆ ಬೇಕಾದ್ದು. ಇನ್ನೊಂದು ದಕ್ಷಿಣದ ಕಡೆ, ನೈನ್ ಮೈಲ್ ಬರ್ನ್‌ಗೆ. ನಾನು ಗೇಟು ದಾಟಿ, ಮುಚ್ಚಿ, ಕಾಲಿಗೆ ಸಿಕ್ಕ ಒಳ್ಳೆ ದಾರಿ ಹಿಡಿದು ಹೊರಟೆ. ಅಗಲವಾಗಿತ್ತು, ಇಳಿಜಾರಿತ್ತು, ನಡೆಯಲು ಹಿತವಾಗಿತ್ತು.

ಇನ್ನೂರು ಮುನ್ನೂರು ಹೆಜ್ಜೆ ಆಗಿರಬೇಕು. ಎಡಗೆನ್ನೆ ತಣ್ಣಗಾಗುತ್ತಿತ್ತು. ಕೂದಲಿನ ಎಡಗಡೆ ಸಣ್ಣ ಹನಿಗಳು ಕೂತಿದ್ದವು. ಕೈಯಲ್ಲಿ ಒರೆಸಿಕೊಂಡೆ. ಮತ್ತೆ ಕೂತವು. ಆಗ ಹೊಳೆಯಿತು. ಗಾಳಿ ಪೂರ್ವದ್ದು. ನಾನು ಉತ್ತರಕ್ಕೆ ಹೋಗುತ್ತಿದ್ದರೆ ಒದ್ದೆಯಾಗಬೇಕಾದ್ದು ಬಲಗೆನ್ನೆ.

ನಿಂತೆ. ಎದೆ ಹೊಡೆದುಕೊಳ್ಳುತ್ತಿತ್ತು. ಇಂಥ ಹೊತ್ತಲ್ಲಿ ಕಾಲು ಓಡು ಅನ್ನುತ್ತದೆ. ಆದರೆ ನಾನು ಚೀಲ ಇಳಿಸಿ ಅದರ ಮೇಲೆ ಕೂತೆ. ಉಳಿದ ಕಾಫಿ ಸುರಿದುಕೊಂಡು ಕುಡಿದೆ. ಕುಡಿದು ಮುಗಿಯುವವರೆಗೂ ಏನನ್ನೂ ನಿರ್ಧರಿಸಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಕಂಪಾಸ್ ತೆಗೆದೆ. ಮುಳ್ಳು ಅಲುಗಾಡಿ ನಿಂತಿತು. ನಾನು ಮುಖ ಮಾಡಿದ್ದು ಆಗ್ನೇಯಕ್ಕೆ. ತಲೆ ಒಪ್ಪಲಿಲ್ಲ, ಕಂಪಾಸೇ ತಪ್ಪು ಅಂತ ಒಂದು ಕ್ಷಣ ಅನ್ನಿಸಿತು. ಇದು ಎಲ್ಲರಿಗೂ ಆಗುತ್ತದೆ, ನಂಬಬೇಕಾದ್ದು ಕಂಪಾಸನ್ನೇ. ಕೆನ್ನೆಯೂ ಅದನ್ನೇ ಹೇಳುತ್ತಿತ್ತಲ್ಲ. ಇಬ್ಬರು ಸಾಕ್ಷಿ.

ಫೋನಿನಲ್ಲಿ ಜಾಗ ನೋಡಬಹುದಿತ್ತು. ಆದರೆ ಆ ಬ್ಯಾಟರಿಯನ್ನು ಮನೆಗೆ ಕಳಿಸುವ ಒಂದು ಮೆಸೇಜಿಗೆ ಉಳಿಸಬೇಕು ಅನ್ನಿಸಿತು. ಬಂದ ದಾರಿಯಲ್ಲೇ ಗೇಟಿಗೆ ವಾಪಸ್ ಹತ್ತಿದೆ. ಅಡ್ಡದಾರಿ ಹಿಡಿದು ಸರಿ ದಾರಿಗೆ ಸೇರುವ ಆಸೆ ಬಂತು, ಬಿಟ್ಟೆ. ಗೊತ್ತಿರುವ ಜಾಗದಿಂದಲೇ ಮತ್ತೆ ಶುರು ಮಾಡಬೇಕು. ಗೇಟಿನ ಮೇಲೆ ಮ್ಯಾಪ್ ಹರಡಿ, ದಿಕ್ಕು ಹಿಡಿದು, ಉತ್ತರಕ್ಕೆ ಹೊರಟಾಗ 9.40. ಬಲಗೆನ್ನೆ ಒದ್ದೆಯಾಗತೊಡಗಿತು. ಆ ತಣ್ಣನೆಯ ಹನಿ ಇಷ್ಟು ಸಮಾಧಾನ ಕೊಡುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಆಮೇಲಿನ ದಾರಿ ನಿಧಾನವಾಯಿತು, ಭಯವಾಗಲಿಲ್ಲ. ಬಾವೆಲಾ ಹತ್ತಿರ ಮರಗಳು ಮಂಜಿನಿಂದ ಒಂದೊಂದಾಗಿ ಹೊರಬಂದವು. ಬಲಕ್ಕೆ ತಿರುಗಿ ಗ್ರೀನ್ ಕ್ಲೂ ಹೊಕ್ಕೆ. ಎರಡೂ ಕಡೆ ಕಡಿದಾದ ಗುಡ್ಡ, ಮಧ್ಯೆ ಕಾಲುದಾರಿ, ದಾರಿಗೆ ಒತ್ತಿಕೊಂಡು ಸೊಂಟದೆತ್ತರದ ಜರಿಗಿಡ. ಹೆಡ್‌ಟಾರ್ಚ್ ಹಚ್ಚಿದರೆ ಮಂಜಿಗೆ ಬಡಿದು ಬೆಳಕು ಕಣ್ಣಿಗೇ ವಾಪಸ್ ಬರುತ್ತದೆ. ಅದನ್ನು ತಲೆಯಿಂದ ತೆಗೆದು ಕೈಯಲ್ಲಿ ಮೊಣಕಾಲ ಮಟ್ಟಕ್ಕೆ ಹಿಡಿದೆ. ದಾರಿ ಕಂಡಿತು. ಎಲ್ಲೋ ಕರ್ಲ್ಯೂ ಹಕ್ಕಿ ಒಂದೇ ಸಲ ಉದ್ದಕ್ಕೆ ಕೂಗಿತು. ಆಮೇಲೆ ನೀರು ಬೀಳುವ ಸದ್ದು. ಲೋಗನ್ ಹಳ್ಳದ ಜಲಪಾತ. ಅದು ಕೇಳಿಸಿದರೆ ದ ಹೌ ಅನ್ನುವ ಒಂಟಿ ಮನೆ ಬಂತು ಅಂತಲೇ ಲೆಕ್ಕ. ಅಲ್ಲಿಂದ ಗಟ್ಟಿ ರಸ್ತೆ.

10.40. ಸಿಗ್ನಲ್ ಇಲ್ಲ. ಮನೆಯಲ್ಲಿ 11.15ಕ್ಕೆ ಫೋನ್ ಕೈಗೆತ್ತಿಕೊಳ್ಳುತ್ತಾರೆ ಅಂತ ಗೊತ್ತಿತ್ತು. ಕಾಲು ಬೀಸಿ ನಡೆದೆ. ಲೋಗನ್‌ಲೀ ದಾಟಿ ಗ್ಲೆನ್‌ಕೋರ್ಸ್ ದಂಡೆಗೆ ಬಂದಾಗ ಫೋನ್ ನಡುಗಿತು. 11.05ಕ್ಕೆ ಮೆಸೇಜ್ ಹೋಯಿತು: "ಇಳಿದೆ. ಮಂಜಲ್ಲಿ ತಡ ಆಯ್ತು. ಇನ್ನು ಅರ್ಧ ಗಂಟೆಗೆ ಕಾರು." ಮರುಕ್ಷಣ ಉತ್ತರ: "ಸರಿ. ಸಾರು ಬಿಸಿ ಇಡ್ತೀನಿ."

ಆಗ ನಿಧಾನ ಮಾಡಿದೆ. ಈ ಗ್ಲೆನ್‌ಕೋರ್ಸ್ ಜಲಾಶಯವನ್ನು ಎಡಿನ್‌ಬರೋ ಊರಿನ ನೀರಿಗೆ ಅಂತ 1820ರ ಸುಮಾರಿಗೆ ಕಟ್ಟಿದರು. ಅದರ ತಳದಲ್ಲಿ ಸೇಂಟ್ ಕ್ಯಾಥರಿನ್ ಹೆಸರಿನ ಒಂದು ಹಳೇ ಪ್ರಾರ್ಥನಾಮಂದಿರ ಮುಳುಗಿದೆ. ನಮ್ಮ ಅಜ್ಜಿಯ ತವರು ಶರಾವತಿ ದಂಡೆಯದ್ದು. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದಾಗ ಊರು ನೀರಿನಡಿಗೆ ಹೋಯಿತು. ಹಿನ್ನೀರು ಇಳಿದಾಗ ಅಜ್ಜಿ ದಂಡೆಯಲ್ಲಿ ನಿಂತು ಕೈ ಮಾಡಿ ತೋರಿಸುತ್ತಿದ್ದರು, ಅಲ್ಲಿ ಬಾವಿ, ಅಲ್ಲಿ ತುಳಸಿಕಟ್ಟೆ. ನಮಗೆ ಕೆಸರು ಮಾತ್ರ ಕಾಣುತ್ತಿತ್ತು. ಗ್ಲೆನ್‌ಕೋರ್ಸ್ ನೀರಿನ ಮೇಲೆ ಮಂಜು ಅಂಗೈ ಎತ್ತರಕ್ಕೆ ನಿಂತಿತ್ತು. ಎರಡು ನಿಮಿಷ ನಾನೂ ನಿಂತೆ.

ಕಾರಿನ ಹತ್ತಿರ 11.30. ಮನೆ ತಲುಪಿ ಮೊದಲು ಮಾಡಿದ್ದು ಸ್ನಾನದ ಮನೆಯಲ್ಲಿ ಮೈಯೆಲ್ಲ ನೋಡಿಕೊಂಡದ್ದು. ಜರಿಗಿಡದಲ್ಲಿ ಉಣುಗು ಇರುತ್ತದೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಮೊದಲು ಕಂಡ ಸೀಮೆಯವಳು ನಾನು. ಉಣುಗಿನ ಭಯ ನಮಗೆ ಹೇಳಿಕೊಡಬೇಕಿಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಬೇಗ ತೆಗೆದರೆ ಅಪಾಯ ಕಡಿಮೆ. ಆಮೇಲೆ ಕೆಲವು ವಾರ ಕಚ್ಚಿದ ಜಾಗದ ಸುತ್ತ ಕೆಂಪು ಹರಡುತ್ತದಾ ನೋಡುತ್ತಿರಬೇಕು. ಎಡ ಮೊಣಕಾಲಿನ ಹಿಂದೆ ಒಂದಿತ್ತು, ಗಸಗಸೆ ಕಾಳಿನಷ್ಟು. ಸಣ್ಣ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ಹಿಸುಕದೆ, ನೆಟ್ಟಗೆ ಎಳೆದೆ. ಬಂತು. ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಊಟಕ್ಕೆ ಕೂತಾಗ ಹನ್ನೆರಡು ದಾಟಿತ್ತು. ಊರಿನಲ್ಲಿ ಆಗ ಬೆಳಗಿನ ಜಾವ ಐದು, ಅಮ್ಮ ಎದ್ದಿರುತ್ತಾಳೆ. ಫೋನ್ ಮಾಡಿ ಎಲ್ಲ ಹೇಳಿದೆ, ಗೇಟಿನ ವಿಷಯವನ್ನೂ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಆ ಚೀಟಿ ಇನ್ನೂ ಫ್ರಿಜ್ ಮೇಲಿದ್ಯಾ?" ಇದೆ ಅಂದೆ. "ಅದರಲ್ಲಿ ಮಂಜಿಂದೂ ಬರೆದಿಡು" ಅಂದಳು. ಫೋನ್ ಇಟ್ಟ ಮೇಲೆ ಪೆನ್ನು ತಂದು ಬರೆದೆ: ವೆಸ್ಟ್ ಕಿಪ್ ತುದಿಯಲ್ಲಿ ಮೊದಲು ಕಂಪಾಸು, ಆಮೇಲೆ ಫೋಟೋ. ಅಡುಗೆಮನೆ ಕಿಟಕಿಯಲ್ಲಿ ಉತ್ತರದ ಬಿಳುಪು ಇನ್ನೂ ಹಾಗೇ ಇತ್ತು.